ಕೃಷ್ಣಮೃಗ ಸಂಚರಿಸುವ ನಾಡು

ನಮ್ಮ ಧರ್ಮಶಾಸ್ತ್ರಕಾರರು ದೇಶದ ಎಲ್ಲೆಯನ್ನು ಗುರುತಿಸಿದ ರೀತಿಯೊಂದು ಬಹು ಸ್ವಾರಸ್ಯವಾಗಿದೆ. ನದಿ ಪರ್ವತಗಳನ್ನು ಹೇಳಿದ್ದು ಸರಿಯೆ. ಅದರ ಜೊತೆಗೆ ಅವರು ಒಂದು ಪ್ರಾಣಿಯನ್ನೂ ಸಾಕ್ಷಿಗೆ ಕರೆದರು. ಕೃಷ್ಣಸಾರಮೃಗವು ಎಲ್ಲಿ ಸ್ವಭಾವತಃ ಸಂಚರಿಸುತ್ತದೆಯೋ ಅದು ಯಜ್ಞಕ್ಕೆ ಯೋಗ್ಯವಾದ ದೇಶ, ಅದರಾಚೆಯದು ಮ್ಲೇಚ್ಛದೇಶ ಎಂಬುದು ಮನುವಿನ ಮತ. ಯಾಜ್ಞವಲ್ಕ್ಯಸ್ಮೃತಿಯಂತೂ ಈ ಮಾತಿನಿಂದಲೇ ಮೊದಲಾಗುತ್ತದೆ. ಮಿಥಿಲೆಯಲ್ಲಿದ್ದ ಆ ಯೋಗೀಶ್ವರನು ಮುನಿಗಳಿಗೆ, ಕರಿಯ ಮೃಗವಿರುವ ದೇಶದ ಧರ್ಮಗಳನ್ನು ತಿಳಿಯಿರಿ ಎಂದು ಹೇಳಿ ಗ್ರಂಥಕ್ಕೆ ತೊಡಗುತ್ತಾನೆ. ಆ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ಜಗದ್ವಿಖ್ಯಾತ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದವನು. ಶಹಾಬಾದ ಸಮೀಪದ ಮರತೂರಿನವರು ಅವನನ್ನು ತಮ್ಮೂರಿನವನೆಂದು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಅವನು ಆ ಎರಡನೆಯ ಶ್ಲೋಕಕ್ಕೆ ವ್ಯಾಖ್ಯಾನ ಬರೆಯುವಾಗ ಕರಿಯ ಮೃಗವೆಂದರೇನೆಂದು ಯಾರನ್ನೂ ಕೇಳಬೇಕಾಗಿರಲಿಲ್ಲವೆಂದು ನಾನು ಭಾವಿಸುತ್ತೇನೆ. ಊರ ಹೊರಗಿನ ಎರೆಹೊಲಕ್ಕೆ ಹೋದರೆ ಸಾಕಾಗಿತ್ತು.

ಏಕೆಂದರೆ ಇದು ಆ ಮೃಗದ ಸಹಜವಾದ ನೆಲೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳ ಸುತ್ತಣ ಭೂಮಿ ಕೆಳಗೆ ಸುಣ್ಣಕಲ್ಲು, ಮೇಲೆ ಕರಿಯ ಎರೆ. ಮರಗಳು ವಿರಳ, ಕಣ್ಣು ಹರಿಯುವಷ್ಟು ದೂರ ಬಯಲು. ಚಿಂಚೋಳಿಯ ಕಡೆಗೆ ಹೋದಾಗ ಮಾತ್ರ ನೆಲ ಏರಿಳಿದು ಗುಡ್ಡವೂ ಕಾಡೂ ಕಾಣಿಸಿಕೊಳ್ಳುತ್ತವೆ. ಕೃಷ್ಣಮೃಗ ಕಾಡಿನ ಪ್ರಾಣಿಯಲ್ಲ. ಅದರ ರಕ್ಷಣೆಯೆಲ್ಲ ಅದರ ಕಣ್ಣಿನಲ್ಲಿ ಮತ್ತು ಕಾಲಿನಲ್ಲಿ. ದೂರದಿಂದಲೇ ಶತ್ರುವನ್ನು ಕಂಡು, ಗಂಟೆಗೆ ಸುಮಾರು 80 ಕಿಲೋಮೀಟರು ವೇಗದಲ್ಲಿ ಓಡಿ ಪಾರಾಗುವ ಈ ಪ್ರಾಣಿಗೆ ಮರೆಯೇ ಅಪಾಯ, ಬಯಲೇ ಅಭಯ. ಹೆಣ್ಣು ಕೆಂಗಂದು ಬಣ್ಣದ್ದು. ಗಂಡು ಪ್ರಾಯ ಬಂದಂತೆ ಕಪ್ಪಾಗುತ್ತ ಹೋಗಿ, ತಿರುಚಿದ ಕೊಂಬುಗಳನ್ನು ಹಿಂದಕ್ಕೆ ಚಾಚಿ ತಲೆಯೆತ್ತಿ ನಡೆಯುತ್ತದೆ. ನಮ್ಮ ಕಡೆಯ ಜನ ಇದನ್ನು ‘ಚಿಗರಿ’ ಎನ್ನುತ್ತಾರೆ. ತೆಲುಗು ಬೆರೆತ ಸೇಡಮ್ಮಿನ ಗಡಿಯಲ್ಲಿ ‘ಜಿಂಕ’, ಮರಾಠಿ ಬಲ್ಲವರಲ್ಲಿ ‘ಕಾಳವೀಟ’, ಉರ್ದು ಬಲ್ಲವರಲ್ಲಿ ‘ಹಿರನ್’. ಹಳಗನ್ನಡ ಕವಿಗಳ ‘ಎರಳೆ’, ‘ಪುಲ್ಲೆ’ಗಳನ್ನೂ ಈ ಸಾಲಿಗೆ ಸೇರಿಸಬಹುದು. ಒಂದು ಪ್ರಾಣಿಗೆ ಇಷ್ಟು ಹೆಸರುಗಳು ಸುಮ್ಮನೆ ಹುಟ್ಟುವುದಿಲ್ಲ.

ವಿಕ್ರಮಾದಿತ್ಯನ ಆಸ್ಥಾನದಲ್ಲಿ ಈ ಮೃಗವು ಧರ್ಮದೇಶದ ಲಕ್ಷಣವಾಗಿದ್ದರೆ, ಅವನ ಮಗನ ಕೈಯಲ್ಲಿ ಅದು ವಿನೋದದ ವಸ್ತುವಾಯಿತು. ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ನೂರು ಅಧ್ಯಾಯಗಳ ಸಂಸ್ಕೃತ ವಿಶ್ವಕೋಶ. ಅಡುಗೆ, ಆನೆ, ರತ್ನ, ಸಂಗೀತ, ಚಿತ್ರಕಲೆ, ಮೀನು ಹಿಡಿಯುವುದು ಹೀಗೆ ಅರಸನಾದವನು ಬಲ್ಲದ್ದೆಲ್ಲ ಅದರಲ್ಲಿದೆ. ಮೃಗಯಾವಿನೋದಕ್ಕೂ ಒಂದು ಅಧ್ಯಾಯ ಮೀಸಲು. ಸಾಕಿದ ಸಿವಂಗಿಯನ್ನು ಬಿಟ್ಟು ಮೃಗಗಳನ್ನು ಹಿಡಿಸುವ ಬೇಟೆಯ ಸ್ಪಷ್ಟವಾದ ವರ್ಣನೆ ಭಾರತದಲ್ಲಿ ಮೊದಲು ದೊರೆಯುವುದು ಈ ಗ್ರಂಥದಲ್ಲಿಯೇ ಎಂದು ವಿದ್ವಾಂಸರು ಹೇಳುತ್ತಾರೆ. ಮೊಗಲರ ಚಿತ್ರಗಳನ್ನು ಕಂಡು ಈ ಬೇಟೆ ಉತ್ತರದಿಂದ ಬಂದಿತೆಂದು ತಿಳಿಯುವವರು ಇದನ್ನು ಗಮನಿಸಬೇಕು. ‘ಸಿವಂಗಿ’ ಎಂಬ ಕನ್ನಡ ಹೆಸರು ಹತ್ತೊಂಬತ್ತನೆಯ ಶತಮಾನದ ಆಂಗ್ಲ ಪ್ರಾಣಿಶಾಸ್ತ್ರ ಗ್ರಂಥಗಳಲ್ಲಿ ಕೂಡ ದಾಖಲಾಗಿದೆ. ಇಂದಿನ ವೃತ್ತಪತ್ರಿಕೆಗಳು ‘ಚೀತಾ’ ಎಂದು ಬರೆದು, ಅದು ಚಿರತೆಯೇ ಅಲ್ಲವೇ ಎಂಬ ಗೊಂದಲವನ್ನು ಓದುಗರಿಗೆ ಉಂಟುಮಾಡುತ್ತವೆ. ನಮ್ಮದೇ ಆದ ಶಬ್ದ ಕೋಶದಲ್ಲಿ ನಿದ್ರಿಸುತ್ತಿದೆ!

ಬೇಟೆಯ ಮತ್ತೊಂದು ಉಪಾಯಕ್ಕೆ ಕನ್ನಡದಲ್ಲಿ ‘ದೀವ’ ಎಂದು ಹೆಸರು. ಪಳಗಿಸಿದ ಮೃಗವನ್ನು ಮುಂದೆ ಬಿಟ್ಟು ಅದರ ಮೂಲಕ ಕಾಡುಮೃಗವನ್ನು ಸೆಳೆದು ಹಿಡಿಯುವುದು. ಕೃಷ್ಣಮೃಗದ ಗಂಡು ತನ್ನ ನೆಲೆಯೊಳಗೆ ಬೇರೊಂದು ಗಂಡನ್ನು ಸಹಿಸದು. ಕೊಂಬು ಕೊಟ್ಟು ಕಾದಲು ಬರುತ್ತದೆ. ದೀವದ ಕೊಂಬಿಗೆ ಉರುಳು ಕಟ್ಟಿದ್ದರೆ ಬಂದದ್ದು ಸಿಕ್ಕಿಬಿತ್ತು. ಇದನ್ನು ಕಂಡುಕೊಂಡವನು ಯಾವ ಅರಸನೂ ಅಲ್ಲ. ಆ ಪ್ರಾಣಿಯನ್ನು ಹಗಲಿರುಳು ನೋಡುತ್ತ ಅದರ ನಡುವೆ ಬಾಳಿದ ಬೇಡನೇ ಇರಬೇಕು. ಪಂಪನು 941ರ ತನ್ನ ಭಾರತದ ಐದನೆಯ ಆಶ್ವಾಸದಲ್ಲಿ ಬೇಂಟೆಯನ್ನು ವಿಸ್ತಾರವಾಗಿ ವರ್ಣಿಸುವಾಗ ಬಳಸುವ ಪರಿಭಾಷೆಯೂ ಅಂಥವರಿಂದ ಬಂದದ್ದೇ. ಪಂಪ ಜೈನ, ಆದರೂ ಅವನ ಬೇಂಟೆಯ ವರ್ಣನೆಯಲ್ಲಿ ಸಂಕೋಚವೇನೂ ಇಲ್ಲ, ಉತ್ಸಾಹವಿದೆ. ಅವನ ದೊರೆ ಅರಿಕೇಸರಿ ಬೇಟೆಗಾರನಾಗಿದ್ದಿರಬೇಕು. ಕವಿಗಳ ಅಹಿಂಸೆಗೂ ಆಸ್ಥಾನದ ಅನ್ನಕ್ಕೂ ಇರುವ ಸಂಬಂಧ ಸರಳವಾದುದಲ್ಲ.

ಅರಿಕೇಸರಿಯ ಸಾರ್ವಭೌಮರಾದ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಮಳಖೇಡ, ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದಲ್ಲಿದೆ. ಅಲ್ಲಿ ಉಳಿದು ಬಂದಿರುವ ಬಸದಿಯು ನೇಮಿನಾಥನದು. ಇಪ್ಪತ್ತೆರಡನೆಯ ಈ ತೀರ್ಥಂಕರನ ಕಥೆ ನಿಮಗೆ ತಿಳಿದೇ ಇದೆ. ಮದುವೆಯ ದಿಬ್ಬಣದಲ್ಲಿ ಹೋಗುತ್ತಿರುವಾಗ ಬೇಲಿಯೊಳಗೆ ಕೂಡಿಹಾಕಿದ್ದ ಮೃಗಗಳ ಆಕ್ರಂದನ ಅವನ ಕಿವಿಗೆ ಬಿತ್ತು; ಇವು ಮದುವೆಯ ಔತಣಕ್ಕೆ ಎಂದು ತಿಳಿದೊಡನೆ ಅವನು ಮದುವೆಯನ್ನೂ ರಾಜ್ಯವನ್ನೂ ಬಿಟ್ಟು ನಡೆದನು. ಆ ಕಥೆಯನ್ನು ‘ಉತ್ತರಪುರಾಣ’ದಲ್ಲಿ ಹೇಳಿದ ಗುಣಭದ್ರನೂ ‘ಮಹಾಪುರಾಣ’ದಲ್ಲಿ ಹೇಳಿದ ಪುಷ್ಪದಂತನೂ ರಾಷ್ಟ್ರಕೂಟರ ಕಾಲದವರೇ, ಪುಷ್ಪದಂತನಂತೂ ಮಾನ್ಯಖೇಟದಲ್ಲಿದ್ದುಕೊಂಡೇ ಬರೆದವನು. ಚಿಗರಿಗಳ ಹಿಂಡು ಸುಳಿದಾಡುವ ಬಯಲಿನ ನಡುವೆ ಕುಳಿತು ಆ ಪುರಾಣವನ್ನು ಕೇಳಿದ ಶ್ರಾವಕರಿಗೆ ಬೇಲಿಯೊಳಗಿನ ಮೃಗ ಬರಿಯ ಕಾವ್ಯದ ಪ್ರತಿಮೆಯಾಗಿ ತೋರಿರಲಾರದು.

ಇನ್ನೂ ಹಿಂದಕ್ಕೆ ಹೋಗೋಣ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ 1989ರಲ್ಲಿ ಅಶೋಕನ ಶಾಸನವಿರುವ ಚಪ್ಪಡಿ ಬೆಳಕಿಗೆ ಬಂದಿತು. ಮುಂದೆ ಅಲ್ಲಿಗೆ ಸಮೀಪದ ಕನಗನಹಳ್ಳಿಯ ಸ್ತೂಪದಲ್ಲಿ ‘ರಾಯೋ ಅಸೋಕೋ’ ಎಂಬ ಬರಹವುಳ್ಳ ಶಿಲ್ಪವೂ ದೊರೆಯಿತು. ಸನ್ನತಿಯಲ್ಲಿ ಸಿಕ್ಕಿದ ಭಾಗದಲ್ಲಿ ಬೇಟೆಯ ಪ್ರಸ್ತಾಪವಿಲ್ಲ. ಆದರೆ ಅದೇ ಅರಸನ ಬೇರೆಡೆಯ ಬಂಡೆಶಾಸನಗಳು ಹೇಳುವುದೇನು? ತನ್ನ ಅಡುಗೆಮನೆಗೆ ಹಿಂದೆ ದಿನವೂ ಲಕ್ಷಾಂತರ ಪ್ರಾಣಿಗಳನ್ನು ಕೊಲ್ಲುತ್ತಿದ್ದರು, ಈಗ ಎರಡು ನವಿಲು ಮತ್ತು ಒಂದು ಮೃಗ ಮಾತ್ರ, ಆ ಮೃಗವೂ ನಿತ್ಯವಲ್ಲ, ಮುಂದೆ ಅವನ್ನೂ ಕೊಲ್ಲುವುದಿಲ್ಲ ಎನ್ನುತ್ತದೆ ಮೊದಲನೆಯದು. ಹಿಂದಿನ ಅರಸರು ಬೇಟೆಯೇ ಮೊದಲಾದ ವಿಹಾರಯಾತ್ರೆ ಮಾಡುತ್ತಿದ್ದರು, ತಾನು ಪಟ್ಟಾಭಿಷಿಕ್ತನಾಗಿ ಹತ್ತು ವರ್ಷಗಳಾದ ಮೇಲೆ ಧರ್ಮಯಾತ್ರೆಗೆ ಹೊರಟೆನು ಎನ್ನುತ್ತದೆ ಎಂಟನೆಯದು. ಒಬ್ಬ ಚಕ್ರವರ್ತಿ ತನ್ನ ಅಡುಗೆಮನೆಯ ಲೆಕ್ಕವನ್ನು ಬಂಡೆಯ ಮೇಲೆ ಕೆತ್ತಿಸಿದ್ದು ನನಗೆ ಕಳಿಂಗವಿಜಯದ ಪಶ್ಚಾತ್ತಾಪಕ್ಕಿಂತ ಹೆಚ್ಚು ಮನುಷ್ಯಸಹಜವಾಗಿ ತೋರುತ್ತದೆ. ಆ ಒಂದು ಮೃಗವನ್ನು ಬಿಡಲು ಅವನಿಗೂ ಕಷ್ಟವಾಗಿತ್ತು!

ನಡುವಣ ಶತಮಾನಗಳನ್ನು ಬೇಗ ದಾಟಿ ನಿಜಾಮರ ಕಾಲಕ್ಕೆ ಬರುತ್ತೇನೆ. 1871ರಲ್ಲಿ ಮುಂಬಯಿ ಮದರಾಸುಗಳ ರೈಲುದಾರಿ ರಾಯಚೂರಿನಲ್ಲಿ ಒಂದುಗೂಡಿತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಮಳಖೇಡ, ಸೇಡಂ, ತಾಂಡೂರುಗಳ ಮೇಲೆ ಹಾದು ಸಿಕಂದರಾಬಾದಿಗೆ ಹೋಗುವ ನಿಜಾಮರ ರೈಲು ಆರಂಭವಾಯಿತು. ಅದರೊಡನೆ ಬಂದೂಕು ಹಿಡಿದ ಅತಿಥಿಗಳೂ ಬಂದರು. ಆರನೆಯ ನಿಜಾಮ ಮಹಬೂಬ್ ಅಲಿ ಖಾನನು ಸ್ವತಃ ಹೆಸರಾಂತ ಶಿಕಾರಿ. 1893ರ ಜನವರಿಯಲ್ಲಿ ಆಸ್ಟ್ರಿಯದ ಯುವರಾಜ ಫ್ರಾನ್ಸ್ ಫರ್ಡಿನಾಂಡನು ಅವನ ಅತಿಥಿಯಾಗಿ ಹೈದರಾಬಾದಿಗೆ ಬಂದನು. ಮುಂದೆ 1914ರಲ್ಲಿ ಸರಯೇವೋದಲ್ಲಿ ಗುಂಡಿಗೆ ಬಲಿಯಾಗಿ, ಮೊದಲನೆಯ ಮಹಾಯುದ್ಧಕ್ಕೆ ನೆಪವಾದವನು ಇವನೇ. ಮುಂಬಯಿಯಿಂದ ಹೈದರಾಬಾದಿಗೆ ಆಗ ವಾಡಿಯ ದಾರಿಯ ಹೊರತು ಬೇರೆ ರೈಲುದಾರಿ ಇರಲಿಲ್ಲ. ಆದುದರಿಂದ ನಮ್ಮ ಸೇಡಮ್ಮಿನ ಬಯಲು ಅವನ ಬೋಗಿಯ ಕಿಟಕಿಯಲ್ಲಿ ಹಾದುಹೋಗಿರಲೇಬೇಕು.

ಸಂಸ್ಥಾನಗಳ ಸಿವಂಗಿ ಬೇಟೆಯ ಕ್ರಮ ಹೀಗಿತ್ತು. ಸಿವಂಗಿಯ ಕಣ್ಣಿಗೆ ಕುಲಾವಿ ತೊಡಿಸಿ ಎತ್ತಿನ ಬಂಡಿಯ ಮೇಲೆ ಕೂರಿಸುವರು. ಮೃಗಗಳು ಕುದುರೆ ಸವಾರನನ್ನು ಕಂಡರೆ ಓಡುತ್ತವೆ. ಒಕ್ಕಲಿಗನ ಬಂಡಿಗೆ ಹೆದರುವುದಿಲ್ಲ. ಬಂಡಿ ಸುತ್ತಿ ಸುತ್ತಿ ಹತ್ತಿರವಾಗುವುದು. ಕುಲಾವಿ ತೆಗೆದೊಡನೆ ಸಿವಂಗಿ ನೆಲಕ್ಕಿಳಿದು, ಹೊಂಚಿ, ಬಾಣದಂತೆ ಚಿಮ್ಮುವುದು. ನಾಲ್ಕೈದು ನೂರು ಮೀಟರಿನೊಳಗೆ ಹಿಡಿದರೆ ಹಿಡಿಯಿತು, ಇಲ್ಲವಾದರೆ ಸೋತು ಕುಳಿತುಬಿಡುವುದು. ಹಿಡಿದ ಮೇಲೆ ಪಾಲಕನು ಓಡಿಬಂದು ಮೃಗದ ಕತ್ತು ಕೊಯ್ದು, ಮರದ ಸೌಟಿನಲ್ಲಿ ರಕ್ತವನ್ನು ತೋರಿಸಿ ಸಿವಂಗಿಯ ಹಿಡಿತವನ್ನು ಬಿಡಿಸುವನು. ಬಂಡಿಯ ಎತ್ತು, ಅದನ್ನು ಹೊಡೆಯುವವ, ಸೌಟು ಹಿಡಿದವ ಇವರಾರ ಹೆಸರೂ ಶಿಕಾರಿಯ ದಿನಚರಿಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಈ ವಿನೋದವೇ ಸಿವಂಗಿಗೆ ಮುಳುವಾಯಿತು. ಅದು ಸೆರೆಯಲ್ಲಿ ಮರಿಹಾಕುವುದು ಅತಿ ವಿರಳ. ಆದಕಾರಣ ಪ್ರತಿಯೊಂದನ್ನೂ ಬಯಲಿನಿಂದಲೇ ಹಿಡಿದು ತರಬೇಕಾಗುತ್ತಿತ್ತು. ಅಕ್ಬರನು ಸಾವಿರ ಸಿವಂಗಿಗಳನ್ನು ಕೂಡಿಸಿದ್ದನೆಂದು ಜಹಾಂಗೀರನು ಬರೆದಿದ್ದಾನೆ. ಹೀಗೆ ಶತಮಾನಗಳ ಕಾಲ ಹಿಡಿದರೆ ಉಳಿಯುವುದೆಷ್ಟು? ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಇಲ್ಲಿ ಸಿಕ್ಕದಂತಾದಾಗ ಕೊಲ್ಹಾಪುರ, ಭಾವನಗರಗಳ ಅರಸರು ಆಫ್ರಿಕದಿಂದ ಹಡಗಿನಲ್ಲಿ ತರಿಸಿಕೊಂಡು ನಮ್ಮ ಕೃಷ್ಣಮೃಗಗಳ ಮೇಲೆ ಬಿಟ್ಟರು. 1947ರಲ್ಲಿ ಕೊರಿಯಾ ಸಂಸ್ಥಾನದ ಅರಸ ಒಂದೇ ರಾತ್ರಿ ಮೂರನ್ನು ಹೊಡೆದನೆಂಬುದೇ ಭಾರತದ ಸಿವಂಗಿಯ ಕೊನೆಯ ನೆಚ್ಚಬಹುದಾದ ಸುದ್ದಿ. 1952ರಲ್ಲಿ ಅದು ಅಳಿಯಿತೆಂದು ಸಾರಲಾಯಿತು. ಎಪ್ಪತ್ತು ವರ್ಷಗಳ ಮೇಲೆ, 2022ರ ಸೆಪ್ಟೆಂಬರ್ 17ರಂದು ನಮೀಬಿಯದಿಂದ ಎಂಟು, ಮರುವರ್ಷ ಫೆಬ್ರವರಿಯಲ್ಲಿ ದಕ್ಷಿಣ ಆಫ್ರಿಕದಿಂದ ಹನ್ನೆರಡು ಸಿವಂಗಿಗಳನ್ನು ವಿಮಾನದಲ್ಲಿ ತಂದು ಮಧ್ಯಪ್ರದೇಶದ ಕೂನೋ ಕಾಡಿಗೆ ಬಿಟ್ಟರು. ಆ ದಕ್ಷಿಣ ಆಫ್ರಿಕದ ಬಯಲುಗಳಲ್ಲಿ ಇಂದಿಗೂ ಬೇಲಿ ಹಾಕಿದ ಖಾಸಗಿ ಜಮೀನಿನಲ್ಲಿ ಹುಲ್ಲೆಗಳನ್ನು ಬೆಳೆಸಿ, ಹಣ ತೆತ್ತವರಿಗೆ ಬೇಟೆಯಾಡಗೊಡುತ್ತಾರೆ. ಜಮೀನ್ದಾರನಿಗೆ ಅದರಿಂದ ವರಮಾನ, ಹುಲ್ಲೆಗೆ ಅದರಿಂದ ಹುಲ್ಲುಗಾವಲು ಎಂಬುದು ಅಲ್ಲಿಯವರ ವಾದ. ನಮ್ಮ ಕೃಷ್ಣಮೃಗವೇ 1930ರ ದಶಕದಲ್ಲಿ ಅಮೆರಿಕದ ಟೆಕ್ಸಾಸಿಗೆ ಹೋಗಿ, ಅಲ್ಲಿ ಇಂಥ ಬೇಟೆಯ ಸರಕಾಗಿದೆ.

ನಮ್ಮಲ್ಲಿ ನಡೆದದ್ದು ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಕೃಷ್ಣಮೃಗವನ್ನು ಮೊದಲನೆಯ ಅನುಸೂಚಿಯಲ್ಲಿಟ್ಟಿತು. ಕೊಂದವನಿಗೆ ಇಂದು ಮೂರರಿಂದ ಏಳು ವರ್ಷ ಸೆರೆಮನೆ. ಕಾಯಿದೆ ಬೇಕಾಗಿತ್ತು, ಅದರಲ್ಲಿ ನನಗೆ ಸಂಶಯವಿಲ್ಲ. ಇಲ್ಲವಾಗಿದ್ದರೆ ಚಿಗರಿಯೂ ಸಿವಂಗಿಯ ದಾರಿ ಹಿಡಿಯುತ್ತಿತ್ತು. ಆದರೆ ಅದರ ಭಾರ ಯಾರ ಮೇಲೆ ಬಿದ್ದಿತೆಂಬುದನ್ನೂ ಇತಿಹಾಸ ಬರೆಯುವವರು ಕೇಳಬೇಕು. ಈ ಬಯಲಿನಲ್ಲಿ ಬೇಟೆಯನ್ನೇ ಕುಲವೃತ್ತಿಯಾಗಿ ಮಾಡಿಕೊಂಡ ಜನವಿದ್ದಾರೆ. ಪಾರ್ಧಿಗಳು, ಹರಣಶಿಕಾರಿಗಳು ಎಂದು ಅವರಿಗೆ ಹೆಸರು. ‘ಹರಣ’ವೆಂದರೆ ಹರಿಣವೇ. ನರದ ಹುರಿಯ ಉರುಳುಗಳನ್ನು ಸಾಲಾಗಿ ನೆಲಕ್ಕೆ ಬಡಿದು, ಪಳಗಿಸಿದ ಎತ್ತಿನ ಮರೆಯಲ್ಲಿ ನಡೆಯುತ್ತ ಹಿಂಡನ್ನು ಅದರ ಕಡೆಗೆ ತಿರುಗಿಸುವುದು ಅವರ ವಿದ್ಯೆ. ಅರಸರಿಗೆ ಸಿವಂಗಿ ಹಿಡಿದು ಪಳಗಿಸಿಕೊಟ್ಟವರೂ ಇಂಥವರೇ. ಬ್ರಿಟಿಷ್ ಸರಕಾರ 1871ರ ಕಾನೂನಿನಿಂದ ಇಂಥ ಅಲೆಮಾರಿ ಕುಲಗಳಿಗೆ ಹುಟ್ಟಿನಿಂದಲೇ ಅಪರಾಧಿಗಳೆಂಬ ಪಟ್ಟ ಕಟ್ಟಲು ತೊಡಗಿತು. ಆ ಕಾನೂನು ರದ್ದಾದದ್ದು 1952ರಲ್ಲಿ. ಅಂದರೆ ಹುಟ್ಟಿನ ಅಪರಾಧ ಕಳೆದು ಇಪ್ಪತ್ತು ವರ್ಷಕ್ಕೆ ವೃತ್ತಿಯೇ ಅಪರಾಧವಾಯಿತು. ನೂರು ಕೊಂಬುಗಳನ್ನು ಗೋಡೆಗೆ ತೂಗುಹಾಕಿದ ದಿವಾನಖಾನೆಯ ಒಡೆಯನನ್ನು ‘ಶಿಕಾರಿ’ ಎಂದು ಮನ್ನಿಸಿದ ಸಮಾಜ, ಹೊಟ್ಟೆಗೆ ಒಂದನ್ನು ಹಿಡಿದವನನ್ನು ಕಳ್ಳನೆಂದಿತು. ಅವನಿಗೆ ಉಳುವ ನೆಲ ಕೊಟ್ಟವರು ವಿರಳ.

ಇನ್ನು ಉಳುವವನ ಪಾಡು. ಸೇಡಂ ಕಡೆಯ ಒಕ್ಕಲು ಮನೆತನದ ನನ್ನ ಮಿತ್ರರೊಬ್ಬರೊಡನೆ ಚಳಿಗಾಲದಲ್ಲಿ ಹೊಲಗಳ ಮೇಲೆ ತಿರುಗುವುದು ನನ್ನ ರೂಢಿ. ಕಡಲೆ ಎಳಸಾಗಿರುವ ಹೊಲದ ಅಂಚಿನಲ್ಲಿ ಹಿಂಡು ಕಂಡು ನಾನು ಕಾಳಿದಾಸನ ದುಷ್ಯಂತ, ರಥ, ಓಡುವ ಕೃಷ್ಣಸಾರ ಎಂದೆಲ್ಲ ಹೇಳತೊಡಗಿದಾಗ ಅವರು, “ನಿನ್ನ ಕೃಷ್ಣಮೃಗ ಪುಸ್ತಕದಾಗ ಛಂದ ಅದ. ನಮ್ಮ ಹೊಲದಾಗ ಬಂದ್ರ ಅದು ಬರೇ ಚಿಗರಿ” ಎಂದುಬಿಟ್ಟರು. ಒಂದು ರಾತ್ರಿಯಲ್ಲಿ ಹಿಂಡು ಎಳೆ ಜೋಳವನ್ನು ಮೇದು ಹೋದರೆ ಹಿಂಗಾರಿಯ ಬಿತ್ತನೆ ನೆಲಸಮ. ಪರಿಹಾರ ಉಂಟು, ಅದಕ್ಕೆ ಅರ್ಜಿ, ಪಂಚನಾಮೆ, ಕಚೇರಿಯ ಓಡಾಟವೂ ಉಂಟು. ಹಿಂದೆ ಊರೂರಿಗೂ ಗಾಯರಾಣವಿತ್ತು, ದನ ಮತ್ತು ಚಿಗರಿ ಎರಡೂ ಅಲ್ಲಿ ಮೇಯುತ್ತಿದ್ದವು. ಗಾಯರಾಣ ಸಾಗುವಳಿಗೆ ಹೋಯಿತು, ಮನೆಗಳಿಗೆ ಹೋಯಿತು. ನೆಲದಡಿಯ ಸುಣ್ಣಕಲ್ಲು ಶಹಾಬಾದಿನಲ್ಲಿ ಫರಸಿಯಾಗಿ, 1968ರಿಂದ ವಾಡಿಯಲ್ಲಿ, 1980ರ ದಶಕದಿಂದ ಮಳಖೇಡ, ಸೇಡಂಗಳಲ್ಲಿ ಸಿಮೆಂಟಾಗಿ ಹೊರಬಿದ್ದಿತು. ಖಣಿ ಅಗೆದಲ್ಲಿ ಹುಲ್ಲು ಹುಟ್ಟದು. ಮೃಗ ಹೊಲಕ್ಕಲ್ಲದೆ ಬೇರೆಲ್ಲಿಗೆ ಹೋಗಬೇಕು?

ಚಿಂಚೋಳಿಯಲ್ಲಿ 2011ರಲ್ಲಿ ಸುಮಾರು 135 ಚದರ ಕಿಲೋಮೀಟರಿನ ವನ್ಯಜೀವಿಧಾಮ ಘೋಷಣೆಯಾಯಿತು. ತೋಳ, ಕತ್ತೆಕಿರುಬ, ಕೊಂಡುಕುರಿಗಳಿಗೆ ಅದು ಆಸರೆ. ಕೃಷ್ಣಮೃಗವೂ ಅದರ ಪಟ್ಟಿಯಲ್ಲಿದೆ. ಆದರೆ ಮೊದಲೇ ಹೇಳಿದಂತೆ ಅದು ಮರಗಳ ಮರೆಯನ್ನು ನಂಬುವ ಪ್ರಾಣಿಯಲ್ಲ. ರಾಣೆಬೆನ್ನೂರಿನಲ್ಲಿ 1974ರಲ್ಲಿಯೇ ಕೃಷ್ಣಮೃಗಕ್ಕೆಂದು ಧಾಮವಾಯಿತು. ಸೇಡಂ ಚಿತ್ತಾಪುರಗಳ ಬಯಲಿನಲ್ಲಿ ಅಂಥ ಹುಲ್ಲುಗಾವಲಿಗೆ ಒಂದು ಚೂರು ಗಾಯರಾಣವನ್ನಾದರೂ ಬಿಡಿಸಿಕೊಡಬಹುದೇ ಎಂದು ನಾನು ಕೇಳಿದಾಗ ಮಿತ್ರರು ಬಹಳ ಹೊತ್ತು ಮಾತನಾಡಲಿಲ್ಲ. ಕೊಡುವುದಾದರೆ ಪಾರ್ಧಿಗಳನ್ನೇ ಅದಕ್ಕೆ ಕಾವಲಿಡಬೇಕು, ಚಿಗರಿ ಯಾವಾಗ ಎಲ್ಲಿ ನಿಲ್ಲುತ್ತದೆಂದು ಅವರಷ್ಟು ಬಲ್ಲವರು ಇಲ್ಲ ಎಂದು ಕೊನೆಗೆ ಹೇಳಿ, ಕಡಲೆಯ ಹೊಲದ ಕಡೆಗೆ ಕಲ್ಲು ಬೀಸುತ್ತ ನಡೆದರು.