ಹೊರೆ ಇಳಿದ ಕ್ಯಾಮೆರಾ ಮತ್ತು ಮಳೆಗಾಲದ ಘಟ್ಟ

ಗೋವಾ ಎಂದ ಕೂಡಲೇ ಹೊರಗಿನವರಿಗೆ ಸಮುದ್ರ ನೆನಪಾಗುತ್ತದೆ. ಆದರೆ ವಾಸ್ಕೋ, ಬೈನಾ, ಜುವಾರಿನಗರದ ನಮ್ಮ ಕನ್ನಡದ ಜನರಿಗೆ ಗೋವಾ ಎಂದರೆ ಮೊದಲು ಘಟ್ಟ. ಗದಗ, ಕೊಪ್ಪಳ, ಹಾವೇರಿ, ಬಾಗಲಕೋಟೆ, ವಿಜಯಪುರದ ಕಡೆಯಿಂದ ದುಡಿಯಲು ಬಂದ ಎಷ್ಟೋ ಮನೆತನಗಳು ಕ್ಯಾಸಲ್‌ರಾಕ್ ದಾಟಿ, ದೂಧಸಾಗರದ ಎದುರು ಹಾದು, ಕುಳೆಂಗೆ ಇಳಿದು ಈ ನೆಲಕ್ಕೆ ಬಂದಿವೆ. ಇಂದು ಅದೇ ಮನೆಗಳ ಮಕ್ಕಳು ಮಳೆಗಾಲದಲ್ಲಿ ಊರಿಗೆ ಹೋಗಿ ಬರುವಾಗ ರೈಲಿನ ಕಿಟಕಿಯಿಂದ ಮೊಬೈಲಿನಲ್ಲಿ ಘಟ್ಟದ ಫೋಟೋ ತೆಗೆಯುತ್ತಾರೆ. ಒಂದು ಕೈಯಲ್ಲಿ ಹಿಡಿಯುವ ಈ ಫೋಟೋದ ಹಿಂದೆ ಸುಮಾರು 185 ವರ್ಷಗಳ ಇತಿಹಾಸವಿದೆ. ಅದು ಯಂತ್ರದ ಇತಿಹಾಸ ಮಾತ್ರವಲ್ಲ, ಹೊರೆ ಹೊತ್ತವರ ಇತಿಹಾಸವೂ ಹೌದು.

1839ರಲ್ಲಿ ಫ್ರಾನ್ಸಿನ ಡಗೇರ್ ಅವರ ಛಾಯಾಚಿತ್ರ ವಿಧಾನವು ಜಗತ್ತಿಗೆ ತಿಳಿಯಿತು. ಹದಿನೈದು ವರ್ಷ ಕಳೆಯುವುದರೊಳಗೆ ಕ್ಯಾಮೆರಾ ನಮ್ಮ ಕನ್ನಡ ನಾಡಿಗೂ ಬಂತು. ಕ್ಯಾಪ್ಟನ್ ಲಿನಿಯಸ್ ಟ್ರೈಪ್ 1854ರ ಡಿಸೆಂಬರಿನಲ್ಲಿ ಬೇಲೂರು, ಹಳೇಬೀಡಿನ ಗುಡಿಗಳನ್ನು ಚಿತ್ರಿಸಿದ. 1855ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಕ್ಯಾಪ್ಟನ್ ಬಿಗ್ಸ್‌ನನ್ನು ವಿಜಯಪುರ, ಬಾದಾಮಿ, ಐಹೊಳೆಗಳ ಕಟ್ಟಡಗಳನ್ನು ಚಿತ್ರಿಸಲು ನೇಮಿಸಿತು. ಇವರು ಬಳಸಿದ್ದು ರಾಸಾಯನಿಕ ಬಳಿದ ಕಾಗದ. ಚಿತ್ರ ಮೂಡಲು ಬಹಳ ಹೊತ್ತು ಬೆಳಕು ಬೇಕಿತ್ತು. ಕಲ್ಲಿನ ಗುಡಿ ಅಲುಗುವುದಿಲ್ಲ, ಕಾಯುತ್ತದೆ. ಮಳೆ ಕಾಯುತ್ತದೆಯೇ? ಮಂಜು ಕಾಯುತ್ತದೆಯೇ?

1851ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್ ಗಾಜಿನ ಫಲಕದ ವಿಧಾನವನ್ನು ಪ್ರಕಟಿಸಿದ. ಚಿತ್ರ ಬಹಳ ಸ್ಪಷ್ಟ, ಆದರೆ ಕಷ್ಟವೂ ಅಷ್ಟೇ. ಗಾಜಿಗೆ ದ್ರಾವಣ ಬಳಿದು, ಅದು ಒಣಗುವ ಮೊದಲೇ ಚಿತ್ರ ತೆಗೆದು, ಅಲ್ಲೇ ತೊಳೆಯಬೇಕು. ಎಲ್ಲವೂ ಕೆಲವೇ ನಿಮಿಷಗಳಲ್ಲಿ ಮುಗಿಯಬೇಕು. ಹಾಗಾಗಿ ಛಾಯಾಗ್ರಾಹಕ ಬೆಟ್ಟಕ್ಕೆ ಹೋದರೆ ಕತ್ತಲೆಯ ಡೇರೆ, ಸೀಸೆಗಳು, ಗಾಜುಗಳು, ನೀರು ಎಲ್ಲವೂ ಜೊತೆಗೆ ಹೋಗಬೇಕಿತ್ತು. ಸ್ಯಾಮ್ಯುಯೆಲ್ ಬೋರ್ನ್ ಎಂಬ ಆಂಗ್ಲ ಛಾಯಾಗ್ರಾಹಕ 1863ರಲ್ಲಿ ಶಿಮ್ಲಾದಿಂದ ಹಿಮಾಲಯಕ್ಕೆ ಹೊರಟಾಗ ಸಾಮಾನು ಹೊರಲು ಸುಮಾರು 30 ಮಂದಿ ಕೂಲಿಗಳಿದ್ದರು! 1866ರಲ್ಲಿ ಆತ 18,600 ಅಡಿ ಎತ್ತರದ ಮನಿರಂಗ್ ಕಣಿವೆಯವರೆಗೂ ಏರಿ ಚಿತ್ರ ತೆಗೆದ. ಕೂಲಿಗಳು ಹೊರೆ ಬಿಟ್ಟು ಓಡಿಹೋಗುತ್ತಾರೆಂದು ಆತ ಪತ್ರಿಕೆಯಲ್ಲಿ ಸಿಟ್ಟಿನಿಂದ ಬರೆದಿದ್ದಾನೆ. ಬೋರ್ನ್ ಹೆಸರು ಪುಸ್ತಕಗಳಲ್ಲಿದೆ. ಹಿಮದಲ್ಲಿ ಗಾಜಿನ ಪೆಟ್ಟಿಗೆ ಹೊತ್ತವರ ಹೆಸರು ಎಲ್ಲಿದೆ?

ಆ ಕಾಲದ ಫಲಕಗಳಿಗೆ ಇನ್ನೊಂದು ಕೊರತೆಯಿತ್ತು. ನೀಲಿ ಬೆಳಕು ಅವಕ್ಕೆ ಬೇಗ ತಾಕುತ್ತಿತ್ತು, ಹಸಿರು ತಾಕುತ್ತಿರಲಿಲ್ಲ. ಆಕಾಶ ಬರೀ ಬಿಳಿ, ಕಾಡು ಬರೀ ಕಪ್ಪು. ಓಡಾಡುವ ಮೋಡ ಬಿಳಿ ಬಣ್ಣ ಬಳಿದಂತೆ ಕಾಣುತ್ತಿತ್ತು. ನಮ್ಮ ಸಹ್ಯಾದ್ರಿಯ ಮಳೆಗಾಲದಲ್ಲಿ ಇರುವುದೇ ಹಸಿರು ಮತ್ತು ಮೋಡ. ಹೀಗಾಗಿ ಮಳೆಯ ಬೆಟ್ಟ ಕ್ಯಾಮೆರಾಕ್ಕೆ ಬಹುಕಾಲ ಸಿಗಲೇ ಇಲ್ಲ.

ಗೋವಾದ ಘಟ್ಟಕ್ಕೆ ಹಳಿ ಬಂದದ್ದು ಆಮೇಲೆ. 1878ರಲ್ಲಿ ಪೋರ್ಚುಗೀಸರಿಗೂ ಬ್ರಿಟಿಷರಿಗೂ ಒಪ್ಪಂದವಾಯಿತು. 1880ರ ದಶಕದಲ್ಲಿ ಮುರ್ಮಗೋವಾ ಬಂದರಿನಿಂದ ಕ್ಯಾಸಲ್‌ರಾಕ್‌ವರೆಗೆ ಮಾರ್ಗ ಕಟ್ಟಿ 1888ರ ಹೊತ್ತಿಗೆ ರೈಲು ಓಡಿಸಿದರು. ಕುಳೆಂನಿಂದ ಕ್ಯಾಸಲ್‌ರಾಕ್ ಸುಮಾರು 26 ಕಿಲೋಮೀಟರ್. ಅದರಲ್ಲಿ 37 ಅಡಿ ಮುಂದೆ ಹೋದರೆ ಒಂದು ಅಡಿ ಏರುವಂಥ ಕಡಿದಾದ ಏರು. ಈ ಹಾದಿಯ ಸೇತುವೆಯ ಪಕ್ಕದಲ್ಲೇ ಸುಮಾರು 310 ಮೀಟರ್ ಎತ್ತರದ ದೂಧಸಾಗರ ಧುಮುಕುತ್ತದೆ. ಅದೇ ಕಾಲಕ್ಕೆ ಗೋವಾದಲ್ಲಿ ‘ಸೋಜಾ ಅಂಡ್ ಪಾಲ್’ ಎಂಬ ಸ್ಟುಡಿಯೋ ಹೆಸರುವಾಸಿಯಾಗಿತ್ತು. ರೈಲು ಬಂದ ಮೇಲೆ ಘಟ್ಟದವರೆಗೆ ಕ್ಯಾಮೆರಾ ಸಾಗಿಸುವುದು ಹಗುರವಾಯಿತು. ಆ ಹಾದಿಗಾಗಿ ಸುರಂಗ ಕೊರೆದವರ, ಮಳೆಯಲ್ಲಿ ಮಣ್ಣು ಹೊತ್ತವರ ಕಥೆ ಮಾತ್ರ ಹಿಮಾಲಯದ ಕೂಲಿಗಳಂತೆಯೇ ಹೆಸರಿಲ್ಲದೆ ಉಳಿಯಿತು.

ಹೊರೆ ಮೆಲ್ಲನೆ ಇಳಿಯಿತು. 1871ರಲ್ಲಿ ಮ್ಯಾಡಾಕ್ಸ್ ಎಂಬ ವೈದ್ಯ ಒಣ ಫಲಕದ ದಾರಿ ತೋರಿಸಿದ, ಕತ್ತಲೆಯ ಡೇರೆ ಬೇಡವಾಯಿತು. 1888ರಲ್ಲಿ ಈಸ್ಟ್‌ಮನ್ನನ ಕೊಡಕ್ ಬಂತು, ಒಂದು ರೋಲಿನಲ್ಲಿ 100 ಚಿತ್ರ. ಜರ್ಮನಿಯ ಲೈಟ್ಸ್ ಕಂಪನಿಯಲ್ಲಿ ಆಸ್ಕರ್ ಬಾರ್ನಾಕ್ ಎಂಬ ತಂತ್ರಜ್ಞನಿದ್ದ. ಬೆಟ್ಟ ಸುತ್ತುವುದೆಂದರೆ ಆತನಿಗೆ ಪ್ರಾಣ. ಆದರೆ ಉಬ್ಬಸದ ಕಾಯಿಲೆ, ಭಾರದ ಕ್ಯಾಮೆರಾ ಹೊರಲಾಗದು. ಬೇರೆಯವರ ತಲೆಯ ಮೇಲೆ ಹೊರೆ ಇಡುವ ಬದಲು ಆತ ಹೊರೆಯನ್ನೇ ಚಿಕ್ಕದು ಮಾಡಿದ. ಸಿನಿಮಾದ 35 ಮಿಲಿಮೀಟರ್ ಫಿಲಂ ಹಾಕುವ ಪುಟ್ಟ ಕ್ಯಾಮೆರಾ ಮಾಡಿದ. ಅದೇ 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾ. ಕ್ಯಾಮೆರಾ ಇರುವ ಮೊಬೈಲು 2000ನೇ ಇಸವಿಯ ಹೊತ್ತಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂತು. 30 ಜನ ಹೊರುತ್ತಿದ್ದ ಕೆಲಸ ಜೇಬಿಗೆ ಬಂತು.

ಮಳೆಗೆ ಹಗುರಾಗಿ ಹೋಗುವುದೇ ಜಾಣತನ. ಒಂದು ಕ್ಯಾಮೆರಾ ಅಥವಾ ಮೊಬೈಲು, ಒಂದು ಕೊಡೆ, ಪ್ಲಾಸ್ಟಿಕ್ ಚೀಲ, ಒಣಗಿದ ಹಳೇ ಹತ್ತಿ ಬಟ್ಟೆ ಸಾಕು. ಮಂಜಿನ ಚಿತ್ರ ಮಂಕಾಗಿ ಬರುತ್ತದೆ, ಆದ್ದರಿಂದ ಬೆಳಕನ್ನು ಸ್ವಲ್ಪ ಹೆಚ್ಚಿಸಿಕೊಳ್ಳಬೇಕು. ಬರೀ ಮಂಜು ತೆಗೆದರೆ ಚಿತ್ರದಲ್ಲಿ ಏನೂ ಉಳಿಯದು, ಹತ್ತಿರದ ಒಂದು ಮರ, ಒಬ್ಬ ಮನುಷ್ಯ ಇದ್ದರೆ ದೂರದ ಬೆಟ್ಟಕ್ಕೆ ಆಳ ಬರುತ್ತದೆ. ಮನೆಗೆ ಬಂದ ಮೇಲೆ ಕ್ಯಾಮೆರಾವನ್ನು ಒದ್ದೆ ಚೀಲದಲ್ಲೇ ಬಿಟ್ಟರೆ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ.

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಕ್ಯಾಮೆರಾ ಹಗುರಾದ ಮಾತ್ರಕ್ಕೆ ಬೆಟ್ಟ ಹಗುರಾಗಿಲ್ಲ. 2021ರ ಜುಲೈ 23ರಂದು ಇದೇ ಘಟ್ಟದಲ್ಲಿ ಗುಡ್ಡ ಕುಸಿದು ರೈಲು ಹಳಿ ತಪ್ಪಿತು. 2023ರ ಜುಲೈಯಲ್ಲಿ ನೇತ್ರಾವಳಿಯ ಮೈನಾಪಿ ಜಲಪಾತದಲ್ಲಿ ಇಬ್ಬರು ಮುಳುಗಿ ಸತ್ತ ಮೇಲೆ ಅರಣ್ಯ ಇಲಾಖೆ ಜಲಪಾತಗಳಿಗೆ ಪ್ರವೇಶ ನಿಷೇಧಿಸಿತು. ಹಳಿಯ ಮೇಲೆ ನಡೆದು ದೂಧಸಾಗರಕ್ಕೆ ಹೋಗುವುದು ಕಾನೂನಿನಲ್ಲಿ ಅಪರಾಧ. ರೈಲಿನ ಬಾಗಿಲಲ್ಲಿ ನೇತಾಡಿ ಸೆಲ್ಫಿ ತೆಗೆಯಬಾರದು ಎಂದು ನಾವು ಮಕ್ಕಳಿಗೆ ಮತ್ತೆ ಮತ್ತೆ ಹೇಳಬೇಕು. ಕಿಟಕಿಯ ಒಳಗಿಂದ ಕಂಡಷ್ಟೇ ಸಾಕು.

ಓದುಗ ಮಿತ್ರರೇ, ಈಗ ಘಟ್ಟದ ಫೋಟೋಗಳಿಗೆ ಬರವಿಲ್ಲ. ಹಾಲಿನಂಥ ನೀರು, ಎದುರಿಗೆ ಹಾದುಹೋಗುವ ರೈಲು, ಎಲ್ಲರ ಮೊಬೈಲಿನಲ್ಲೂ ಇದೆ. ಆದರೆ ಸುರಿಯುವ ಮಳೆಯಲ್ಲಿ ಹಳಿ ನೋಡುತ್ತಾ ಗಸ್ತು ತಿರುಗುವ ಕೆಲಸಗಾರರ ಚಿತ್ರ ಎಷ್ಟು ಜನರಲ್ಲಿದೆ? ಬುತ್ತಿ ಗಂಟು, ಹಾಸಿಗೆ ಸುರುಳಿ ಹಿಡಿದು ಈ ಘಟ್ಟ ಇಳಿದ ನಮ್ಮ ಹಿರಿಯರ ಚಿತ್ರ ಎಷ್ಟು ಮನೆಗಳಲ್ಲಿದೆ? ಇದ್ದ ಒಂದೆರಡು ಫೋಟೋಗಳೂ ತಗಡಿನ ಸೂರಿನ ಕೆಳಗೆ ತೇವಕ್ಕೆ ಒಂದಕ್ಕೊಂದು ಅಂಟಿಕೊಂಡು ಹಾಳಾಗುತ್ತಿವೆ. ಬೋರ್ನನ ಕೂಲಿಗಳಿಗೆ ಆದದ್ದೇ ನಮ್ಮವರಿಗೂ ಆಗಬೇಕೇ?

ಇತಿಹಾಸ ಕಲಿಸುವ ನಾವು ಈ ಮಳೆಗಾಲ ಮಕ್ಕಳಿಗೆ ಒಂದು ಸಣ್ಣ ಕೆಲಸ ಕೊಡಬಹುದು. ಮನೆಯ ಹಳೇ ಫೋಟೋಗಳನ್ನು ಒಣ ಜಾಗದಲ್ಲಿಟ್ಟು ಮೊಬೈಲಿನಲ್ಲಿ ಪ್ರತಿ ತೆಗೆಯಲಿ. ಅಜ್ಜ ಅಜ್ಜಿಯನ್ನು ಕೇಳಿ ಇಸವಿ, ಊರು, ಹೆಸರು ಬರೆದಿಡಲಿ. ಊರಿಗೆ ಹೋಗುವಾಗ ಮಂಜಿನ ಬೆಟ್ಟದ ಜೊತೆಗೆ, ಕಿಟಕಿಯ ಪಕ್ಕ ಕುಳಿತ ಅವ್ವನ ಮುಖವೂ ಆ ಚಿತ್ರದಲ್ಲಿ ಬರಲಿ. ಮೋಡ ಮುಂದಿನ ವರ್ಷವೂ ಬರುತ್ತದೆ.