ಮೈಸೂರರಸರ ಗ್ರಾಮಫೋನ್ ಪ್ಲೇಟುಗಳು

ಹಳೆಯ ಗ್ರಾಮಫೋನ್ ಪ್ಲೇಟನ್ನು ನೀವು ಎಂದಾದರೂ ಕೈಯಲ್ಲಿ ಹಿಡಿದು ನೋಡಿದ್ದರೆ ಅದರ ತೂಕ ನಿಮಗೆ ನೆನಪಿರಬಹುದು. ಕೈಜಾರಿದರೆ ಹೆಂಚಿನಂತೆ ಒಡೆದುಹೋಗುವ ಆ ಕಪ್ಪು ತಟ್ಟೆಯ ಪುಡಿಯನ್ನು ಬೆಸೆದು ಹಿಡಿದಿದ್ದುದು ಅರಗು. ಪಾಂಡವರಿಗೆಂದು ಕೌರವರು ಕಟ್ಟಿಸಿದ ಮನೆಯ ಅದೇ ಅರಗು. ಜಗತ್ತಿಗೆ ಬೇಕಾಗಿದ್ದ ಅರಗಿನ ಬಹುಪಾಲು ನಮ್ಮ ದೇಶದ ಕಾಡುಗಳಿಂದಲೇ ಹಡಗೇರುತ್ತಿತ್ತು. ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ 12 ಅಂಗುಲದ ಆ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಯುತ್ತಿದ್ದುದು ನಾಲ್ಕರಿಂದ ಐದು ನಿಮಿಷಗಳ ಸಂಗೀತ ಮಾತ್ರ. ನಲವತ್ತು ನಿಮಿಷಗಳ ಸಿಂಫನಿಯೊಂದನ್ನು ಕೇಳಿ ಮುಗಿಸಲು ಹತ್ತಾರು ಮಗ್ಗುಲುಗಳು ಬೇಕು. ಅಂದಿನ ಸಂಗೀತಪ್ರಿಯನು ಕುಳಿತು ಕೇಳುವುದಕ್ಕಿಂತ ಎದ್ದು ಮಗುಚುವುದೇ ಹೆಚ್ಚಾಗಿತ್ತೇನೋ!

ಇಂಥ ಪ್ಲೇಟುಗಳನ್ನು ಸುಮಾರು 20,000ದಷ್ಟು ಸಂಗ್ರಹಿಸಿಟ್ಟಿದ್ದ ಒಬ್ಬ ಕೇಳುಗರು ನಮ್ಮ ಮೈಸೂರಿನಲ್ಲಿದ್ದರು. ಅವರೇ ಜಯಚಾಮರಾಜ ಒಡೆಯರು. ಅವರನ್ನು ಕೊನೆಯ ಮಹಾರಾಜರೆಂದೂ, ರಾಜ್ಯಪಾಲರೆಂದೂ, ತೊಂಬತ್ತನಾಲ್ಕು ಬೇರೆಬೇರೆ ರಾಗಗಳಲ್ಲಿ ತೊಂಬತ್ತನಾಲ್ಕು ಕೃತಿಗಳನ್ನು ರಚಿಸಿದ ವಾಗ್ಗೇಯಕಾರರೆಂದೂ ನಾವು ಬಲ್ಲೆವು. ಆದರೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಧ್ವನಿಮುದ್ರಣದ ಚರಿತ್ರೆಯಲ್ಲಿ ಅವರಿಗೊಂದು ಸ್ಥಾನವಿದೆಯೆಂಬುದು ಲಂಡನ್ನಿನ ಸಂಗ್ರಾಹಕರಿಗೆ ಗೊತ್ತಿರುವಷ್ಟು ಮೈಸೂರಿನವರಿಗೆ ಗೊತ್ತಿಲ್ಲ.

1919ರಲ್ಲಿ ಜನಿಸಿದ ಅವರು ಪಿಯಾನೋ ವಾದಕರಾಗಿ ಸಭೆಗಳಲ್ಲಿ ನುಡಿಸಬೇಕೆಂಬ ಆಸೆಯನ್ನು ಇಟ್ಟುಕೊಂಡಿದ್ದವರು. ಮೊದಲು ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು, ಬಳಿಕ 1940ರ ಆಗಸ್ಟಿನಲ್ಲಿ ದೊಡ್ಡಪ್ಪನವರಾದ ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡರು. ಇಪ್ಪತ್ತೊಂದರ ಹರೆಯದಲ್ಲೇ ಸಿಂಹಾಸನ ಬಂದಿತು, ವೇದಿಕೆ ಕೈತಪ್ಪಿತು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದರು. 1945ರಲ್ಲಿ ಟ್ರಿನಿಟಿ ಸಂಗೀತ ಕಾಲೇಜು ಅವರನ್ನು ಗೌರವ ಸದಸ್ಯರನ್ನಾಗಿ ಮಾಡಿಕೊಂಡಿತು. ತಾನು ನುಡಿಸಲಾಗದ್ದನ್ನು ಕೇಳುವುದರಲ್ಲಾದರೂ ಪೂರೈಸಿಕೊಳ್ಳಬೇಕೆಂದು ಆ ಯುವಕನು ಪ್ಲೇಟುಗಳ ಕಡೆಗೆ ತಿರುಗಿದನೆಂದು ಊಹಿಸಿದರೆ ತಪ್ಪಾಗಲಾರದು.

ಸಂಗ್ರಾಹಕರಲ್ಲಿ ಎರಡು ಬಗೆ. ಇರುವುದೆಲ್ಲವೂ ತನ್ನ ಕಪಾಟಿನಲ್ಲಿರಬೇಕೆನ್ನುವವರು ಒಂದು ಬಗೆ. ಇರಬೇಕಾದದ್ದು ಇಲ್ಲವಲ್ಲ ಎಂದು ತಳಮಳಿಸುವವರು ಇನ್ನೊಂದು ಬಗೆ. ಮಹಾರಾಜರನ್ನು ಚರಿತ್ರೆಗೆ ಸೇರಿಸಿದ್ದು ಈ ಎರಡನೆಯ ಗುಣ. ರಷ್ಯಾದ ನಿಕೊಲಾಯ್ ಮೆಟ್ನರ್ ಎಂಬ ಪಿಯಾನೋ ವಾದಕ, ಸಂಗೀತ ರಚನೆಕಾರರನ್ನು ಅವರು ಬಹುವಾಗಿ ಮೆಚ್ಚಿದ್ದರು. ಆದರೆ ಮೆಟ್ನರ್ ಅವರ ಕೃತಿಗಳ ಪ್ಲೇಟುಗಳು ಅಂಗಡಿಗಳಲ್ಲಿ ಇಲ್ಲವೇ ಇಲ್ಲವೆನ್ನುವಷ್ಟು ವಿರಳವಾಗಿದ್ದವು.

ಈ ಮೆಟ್ನರ್ ಯಾರು? 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದವರು. ರಖ್ಮನಿನಾಫ್ ಅವರ ಆಪ್ತ ಮಿತ್ರರು. ರಖ್ಮನಿನಾಫ್ ತಮ್ಮ ನಾಲ್ಕನೆಯ ಪಿಯಾನೋ ಕಾನ್ಚೆರ್ಟೋವನ್ನು ಮೆಟ್ನರ್ ಅವರಿಗೆ ಅರ್ಪಿಸಿದರೆ, ಮೆಟ್ನರ್ ತಮ್ಮ ಎರಡನೆಯದನ್ನು ರಖ್ಮನಿನಾಫ್ ಅವರಿಗೆ ಅರ್ಪಿಸಿದರು. ಕ್ರಾಂತಿಯ ತರುವಾಯ 1921ರಲ್ಲಿ ತಾಯ್ನಾಡನ್ನು ಬಿಟ್ಟ ಮೆಟ್ನರ್ ಜರ್ಮನಿ, ಫ್ರಾನ್ಸ್‌ಗಳಲ್ಲಿ ಅಲೆದು ಕೊನೆಗೆ ಲಂಡನ್ನಿನಲ್ಲಿ ನೆಲೆಸಿದರು. ಹೊಸ ಸಂಗೀತದ ಅಬ್ಬರ ಅವರಿಗೆ ಹಿಡಿಸದು; ಅದನ್ನು ವಿರೋಧಿಸಿ 1935ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಲೂಥರನ್ ಕುಟುಂಬದಲ್ಲಿ ಬೆಳೆದ ಅವರು 1936ರಲ್ಲಿ ಆರ್ಥಡಾಕ್ಸ್ ಧರ್ಮಸಭೆಯನ್ನು ಸೇರಿದರು. 1942ರಲ್ಲಿ ಹೃದಯಾಘಾತವಾಯಿತು. ಯುದ್ಧ ಮುಗಿಯುವ ಹೊತ್ತಿಗೆ ಅವರು ಅರುವತ್ತೈದು ವರ್ಷದ, ಕಾಯಿಲೆಯ, ಶಿಷ್ಯರಿಗೆ ಪಾಠ ಹೇಳಿ ಜೀವಿಸುತ್ತಿದ್ದ, ಬಹುಮಟ್ಟಿಗೆ ಮರೆತುಹೋಗಿದ್ದ ಮನುಷ್ಯ. ಅಂಥವರ ಮನೆಗೆ 1946ರಲ್ಲಿ, ಅವರು ಕಂಡು ಕೇಳದ ಮೈಸೂರೆಂಬ ಊರಿನ ಅರಸರಿಂದ ಪ್ರಸ್ತಾಪ ಬಂದಿತು: ನಿಮ್ಮ ಕೃತಿಗಳನ್ನು ನೀವೇ ನುಡಿಸಿ ಮುದ್ರಿಸಿರಿ, ವೆಚ್ಚ ನಮ್ಮದು.

ಇದಕ್ಕೆಂದೇ ‘ಮೆಟ್ನರ್ ಸೊಸೈಟಿ’ ರೂಪುಗೊಂಡಿತು. ಸೊಸೈಟಿ ಎಂಬ ಈ ಏರ್ಪಾಡಿನ ಹಿನ್ನೆಲೆಯನ್ನು ಇಲ್ಲಿ ಹೇಳಬೇಕು. ಹೆಚ್ಚು ಮಾರಾಟವಾಗದ ಸಂಗೀತವನ್ನು ಮುದ್ರಿಸಲು ಎಚ್.ಎಂ.ವಿ. ಕಂಪನಿ 1931ರಲ್ಲಿ ಒಂದು ಉಪಾಯವನ್ನು ಕಂಡುಕೊಂಡಿತ್ತು: ಮುದ್ರಣಕ್ಕೆ ಮೊದಲೇ ಚಂದಾದಾರರಿಂದ ಹಣ ಪಡೆಯುವುದು, 500 ಮಂದಿ ಸೇರಿದರೆ ಮುದ್ರಿಸುವುದು. ಕಂಪನಿಯ ವಾಲ್ಟರ್ ಲೆಗ್ ಎಂಬ ತರುಣನದು ಈ ಯೋಚನೆ. ಹ್ಯೂಗೋ ವೂಲ್ಫ್‌ನ ಹಾಡುಗಳೂ, ಶ್ನಾಬೆಲ್ ನುಡಿಸಿದ ಬೀಥೋವನ್ನನ ಪಿಯಾನೋ ಸೊನಾಟಾಗಳೂ ಹೀಗೆಯೇ ಹೊರಬಂದವು. ಮೆಟ್ನರ್ ಸೊಸೈಟಿಯಲ್ಲಾದರೋ ಅಷ್ಟೂ ಚಂದಾದಾರರ ಭಾರವನ್ನು ಒಬ್ಬರೇ ಹೊತ್ತರೆನ್ನಬಹುದು.

1947ರಿಂದ ಮೆಟ್ನರ್ ತಮ್ಮ ಮೂರೂ ಕಾನ್ಚೆರ್ಟೋಗಳನ್ನು ಫಿಲ್‌ಹಾರ್ಮೋನಿಯಾ ವಾದ್ಯವೃಂದದೊಂದಿಗೆ ನುಡಿಸಿ ಮುದ್ರಿಸಿದರು. ‘ಕಥೆಗಳು’ ಎಂದು ಅವರೇ ಹೆಸರಿಟ್ಟ ಕಿರುಕೃತಿಗಳು, ಹಾಡುಗಳು ಅವುಗಳ ಜೊತೆಗೂಡಿದವು. ಅಂದಿನ ವಿಧಾನದಲ್ಲಿ ಒಂದು ಸ್ವರ ತಪ್ಪಿದರೂ ತಿದ್ದುವ ಉಪಾಯವಿರಲಿಲ್ಲ. ಆ ಮಗ್ಗುಲನ್ನು ಮೊದಲಿನಿಂದ ನುಡಿಸಬೇಕು. ಸೋತ ಹೃದಯದ ಮುದುಕನಿಗೆ ಅದು ಎಂಥ ಶ್ರಮವಾಗಿದ್ದೀತೆಂದು ನೀವೇ ಯೋಚಿಸಿ ನೋಡಿ. 1950ರಲ್ಲಿ ಗಾಯಕಿ ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಅವರ ಹಾಡುಗಳಿಗೆ ಪಿಯಾನೋ ನುಡಿಸಿದ ಮೆಟ್ನರ್, 1951ರ ನವೆಂಬರಿನಲ್ಲಿ ಕಣ್ಮುಚ್ಚಿದರು. ಮೂರು ಸಂಪುಟಗಳು ಹೊರಬಂದಿದ್ದವು. ಎಲ್ಲ ಕೃತಿಗಳೂ ಮುಗಿಯಲಿಲ್ಲ. ಮೂರನೆಯ ಕಾನ್ಚೆರ್ಟೋದ ಅರ್ಪಣೆಯ ಪುಟದಲ್ಲಿ ಇಂದಿಗೂ ಮೈಸೂರಿನ ಮಹಾರಾಜರ ಹೆಸರಿದೆ.

1949ರಲ್ಲಿ ಆ ವಾಲ್ಟರ್ ಲೆಗ್ ಸ್ವತಃ ಮೈಸೂರಿಗೆ ಬಂದರು. ತಾವು 1945ರಲ್ಲಿ ಸ್ಥಾಪಿಸಿದ ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೆ ಹಣದ ಆಸರೆ ಹುಡುಕುತ್ತಿದ್ದ ಕಾಲವದು. ಅರಮನೆಯಲ್ಲಿ ಅವರು ಕಂಡದ್ದು ಗಂಭೀರ ಸಂಗೀತದ ಎಲ್ಲ ಬಗೆಯ ಧ್ವನಿಮುದ್ರಿಕೆಗಳ ಭಂಡಾರ, ಬೇರೆಬೇರೆ ಮಾದರಿಯ ಧ್ವನಿವರ್ಧಕಗಳ ಸಾಲು, ಹಲವು ದೊಡ್ಡ ಪಿಯಾನೋಗಳು, ಇವುಗಳ ನಡುವೆ ಮೂವತ್ತರ ಹರೆಯದ ಒಬ್ಬ ಅರಸು. ಮಾತುಕತೆಯ ಫಲವಾಗಿ ವರ್ಷಕ್ಕೆ 10,000 ಪೌಂಡುಗಳಂತೆ ಮೂರು ವರ್ಷಗಳ ನೆರವಿನ ವಾಗ್ದಾನ ದೊರೆಯಿತು. ಬಾಲಕಿರೇವ್‌ನ ಮೊದಲನೆಯ ಸಿಂಫನಿ, ರೂಸೆಲ್‌ನ ನಾಲ್ಕನೆಯದು ಮುಂತಾದ, ವ್ಯಾಪಾರದ ದೃಷ್ಟಿಯಿಂದ ಯಾರೂ ಮುಟ್ಟದಿದ್ದ ಕೃತಿಗಳು ಕಾರಾಯಾನ್ ಅವರ ನಿರ್ದೇಶನದಲ್ಲಿ ಮುದ್ರಣಗೊಂಡದ್ದು ಹೀಗೆ.

ಮಹಾರಾಜರು ಕೇವಲ ಹಣ ಕೊಡುವವರಾಗಿರಲಿಲ್ಲ, ಹೋಲಿಸಿ ಕೇಳುವವರಾಗಿದ್ದರು. ಬೀಥೋವನ್ನನ ಸಿಂಫನಿಗಳನ್ನು ಟೋಸ್ಕನೀನಿ, ಫುರ್ಟ್‌ವೆಂಗ್ಲರ್ ಇಬ್ಬರೂ ಮುದ್ರಿಸಿದ್ದ ಕಾಲವದು. ಟೋಸ್ಕನೀನಿಯವರ ವೇಗವು ದೇವದೂತನದಲ್ಲ, ದೆವ್ವದ್ದು ಎಂಬ ಅರ್ಥದ ಅಭಿಪ್ರಾಯವನ್ನು ಅವರು ಲೆಗ್ ಅವರಿಗೆ ತಿಳಿಸಿದ್ದರು. ಅದನ್ನು ಕೇಳಿದ ಮೇಲೆ ಫುರ್ಟ್‌ವೆಂಗ್ಲರ್ ಔಷಧಿಯಂತೆ ಹಿತವಾಗುತ್ತದೆಂದೂ ಹೇಳಿದ್ದರು. ಈ ತೀರ್ಪನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಟೋಸ್ಕನೀನಿಯವರ ಬಿಗುವಿನಲ್ಲಿ ಒಂದು ಪ್ರಾಮಾಣಿಕತೆಯಿದೆ. ಆದರೆ ಈ ಮಾತನ್ನು ಆಡಲು ಎರಡನ್ನೂ ಒಂದರ ಬೆನ್ನಿಗೆ ಒಂದರಂತೆ ಹಲವು ಸಲ ಕೇಳಿರಬೇಕು. ನಮ್ಮ ಕರ್ನಾಟಕ ಸಂಗೀತದಲ್ಲಿ ಒಂದೇ ಕೃತಿಯನ್ನು ಇಬ್ಬರು ಹಾಡಿದರೆ ಸಂಗತಿ ಬೇರೆ, ಸ್ವರಕಲ್ಪನೆ ಬೇರೆ. ಭೇದ ಎದ್ದು ಕಾಣುತ್ತದೆ. ಪಾಶ್ಚಾತ್ಯ ಸಂಗೀತದಲ್ಲಾದರೋ ಪ್ರತಿ ಸ್ವರವೂ ಬರೆದಿಟ್ಟದ್ದು. ಉಳಿಯುವುದು ಗತಿ, ಒತ್ತು, ಒಂದು ವಾಕ್ಯದಿಂದ ಇನ್ನೊಂದಕ್ಕೆ ಹೋಗುವಾಗಿನ ಉಸಿರು, ಇಷ್ಟೇ. ಈ ಇಷ್ಟರಲ್ಲೇ ಇಬ್ಬರು ನಿರ್ದೇಶಕರು ಎರಡು ಬೇರೆ ಲೋಕಗಳನ್ನು ಕಟ್ಟುತ್ತಾರೆ. ಎರಡೂ ಪದ್ಧತಿಗಳನ್ನು ಒಳಹೊಕ್ಕು ಬಲ್ಲ ಕಿವಿಗೆ ಈ ಸೂಕ್ಷ್ಮ ಇನ್ನೂ ಸ್ಪಷ್ಟವಾಗಿ ಕೇಳಿಸಿದ್ದರೆ ಆಶ್ಚರ್ಯವಿಲ್ಲ.

1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನಡೆದ ಕಛೇರಿಯೊಂದು ಈ ಕಥೆಯ ಶಿಖರ. ಹಿಂದಿನ ವರ್ಷ ತೀರಿಕೊಂಡಿದ್ದ ರಿಚರ್ಡ್ ಸ್ಟ್ರಾಸ್ ಅವರ ‘ನಾಲ್ಕು ಕೊನೆಯ ಹಾಡುಗಳು’ ಅಂದು ಮೊದಲ ಬಾರಿಗೆ ಕೇಳಿಬಂದವು. ಹಾಡಿದವರು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ನಿರ್ದೇಶಿಸಿದವರು ಫುರ್ಟ್‌ವೆಂಗ್ಲರ್. ಕಛೇರಿಗೆ 4,800 ಡಾಲರುಗಳ ಖಾತರಿ ನೀಡಿದ್ದ ಮಹಾರಾಜರು ಅಂದು ಅಲ್ಲಿರಲಿಲ್ಲ. ಹಾಡುಗಳನ್ನು ಮುದ್ರಿಸಿ ಮೈಸೂರಿಗೆ ಕಳುಹಿಸಬೇಕೆಂಬುದು ಅವರ ಏರ್ಪಾಡು. ಆ ಸಂಜೆಯ ಧ್ವನಿ ಇಂದು ಸಿ.ಡಿ.ಯಲ್ಲಿ ದೊರೆಯುತ್ತದೆ. ತಗಡಿನ ಮಾಡಿನ ಮೇಲೆ ಸುರಿಯುವ ಮಳೆಯಂಥ ಸದ್ದಿನ ಹಿಂದಿನಿಂದ, ದೂರದ ಕೋಣೆಯಿಂದ ಬಂದಂತೆ ಹಾಡು ಕೇಳಿಸುತ್ತದೆ. ಶ್ವಾರ್ಟ್ಸ್‌ಕಾಫ್ 1953ರಲ್ಲಿಯೂ 1965ರಲ್ಲಿಯೂ ಇವೇ ಹಾಡುಗಳನ್ನು ಎಷ್ಟೋ ಪಾಲು ಸ್ವಚ್ಛವಾದ ಧ್ವನಿಯಲ್ಲಿ ಮುದ್ರಿಸಿದ್ದಾರೆ. ಆದರೂ ಮಳೆಯ ಸದ್ದಿನ ಹಿಂದಿರುವ ಆ ಧ್ವನಿಯ ಕಡೆಗೇ ನನ್ನ ಕಿವಿ ಮತ್ತೆ ಮತ್ತೆ ವಾಲುತ್ತದೆ.

ಇಲ್ಲಿ ಒಂದು ಪ್ರಶ್ನೆಯನ್ನು ಬದಿಗಿಟ್ಟು ಮುಂದೆ ಹೋಗುವುದು ನ್ಯಾಯವಲ್ಲ. ಮೆಟ್ನರ್ ಲಂಡನ್ನಿನಲ್ಲಿ ಕಾನ್ಚೆರ್ಟೋ ನುಡಿಸುತ್ತಿದ್ದ 1947ನೆಯ ಇಸವಿಯಲ್ಲೇ ಮೈಸೂರಿನ ಬೀದಿಗಳಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಜನರು ಚಳವಳಿ ಹೂಡಿದ್ದರು, ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದಿತು. ಹತ್ತು ಸಾವಿರ ಪೌಂಡುಗಳೆಂದರೆ ಅಂದಿನ ಲೆಕ್ಕದಲ್ಲಿ 1,33,000 ರೂಪಾಯಿಗಳು. ಗಣರಾಜ್ಯವಾದ ಮೇಲೆ ಮಹಾರಾಜರಿಗೆ ನಿಗದಿಯಾದ ರಾಜಧನ ವರ್ಷಕ್ಕೆ 26 ಲಕ್ಷ. ಅರಮನೆಯ ಹಣದ ಮೂಲವೂ ಕೊನೆಗೆ ರೈತನ ಕಂದಾಯವೇ ಅಲ್ಲವೇ? ಆ ರೈತನು ಮೆಟ್ನರ್ ಎಂಬ ಹೆಸರನ್ನೇ ಕೇಳಿರಲಿಲ್ಲ. ಯುರೋಪಿನ ದೊರೆಗಳೂ ಬಿಷಪರೂ ಹೈಡನ್ನನಿಗೂ ಮೊಜಾರ್ಟನಿಗೂ ಸಂಬಳ ಕೊಟ್ಟದ್ದು ಇಂಥದೇ ಹಣದಿಂದ ಎಂದು ಸಮಾಧಾನ ಹೇಳಬಹುದು. ಆ ಸಮಾಧಾನ ನನಗೆ ಸಾಲದು. ಹಾಗೆಂದು ಆ ಪ್ಲೇಟುಗಳು ಇರದಿದ್ದರೆ ಚೆನ್ನಾಗಿತ್ತೆಂದು ಹೇಳಲೂ ಬಾಯಿ ಬರುವುದಿಲ್ಲ.

ವಿಧಿಯ ವ್ಯಂಗ್ಯವನ್ನು ನೋಡಿ. ಮೆಟ್ನರ್ ಸೊಸೈಟಿಯ ಪ್ಲೇಟುಗಳು ಹೊರಬರತೊಡಗಿದ 1948ರಲ್ಲೇ ಅಮೆರಿಕದಲ್ಲಿ ಎಲ್.ಪಿ. ಬಂದಿತು, ಅರಗಿನ ಯುಗ ಮುಗಿಯುತ್ತ ಬಂದಿತು. ಆ ಮೂರು ಸಂಪುಟಗಳು ದಶಕಗಳ ಕಾಲ ಸಂಗ್ರಾಹಕರ ಕಪಾಟುಗಳಲ್ಲಷ್ಟೇ ಉಳಿದವು. ಮೆಟ್ನರ್ ಅವರ ಪತ್ನಿ ಆನ್ನಾ 1958ರಲ್ಲಿ ರಷ್ಯಾಕ್ಕೆ ಹಿಂದಿರುಗಿದರು. ಆಮೇಲಿನ ವರ್ಷಗಳಲ್ಲಿ ಮಾಸ್ಕೋದಲ್ಲಿ ಅವರ ಸಮಗ್ರ ಕೃತಿಗಳು 12 ಸಂಪುಟಗಳಲ್ಲಿ ಅಚ್ಚಾದವು. ಧ್ವನಿಮುದ್ರಿಕೆಗಳು ಮಾತ್ರ 1990ರ ದಶಕದಲ್ಲಿ ಸಿ.ಡಿ.ಗಳಾಗಿ ಮತ್ತೆ ಕೇಳಿಬಂದವು. ಸುಮಾರು ಅದೇ ಸಮಯದಲ್ಲಿ ಹೊಸ ಪೀಳಿಗೆಯವರೂ ಮೆಟ್ನರ್ ಕಡೆಗೆ ಹೊರಳಿದರು. ಮೂರೂ ಕಾನ್ಚೆರ್ಟೋಗಳನ್ನು ನೀಮೆ ಯಾರ್ವಿಯವರ ನಿರ್ದೇಶನದಲ್ಲಿ ಮುದ್ರಿಸಿದ ಜೆಫ್ರಿ ಟೋಜರ್ ಆಸ್ಟ್ರೇಲಿಯಾದವರು. ಆದರೆ ಹುಟ್ಟಿದ್ದು 1954ರಲ್ಲಿ ನಮ್ಮ ಮಸ್ಸೂರಿಯಲ್ಲಿ! ಮೈಸೂರಿಗೂ ಮಸ್ಸೂರಿಗೂ ಮೆಟ್ನರ್ ಅವರಿಗೂ ಇದೇನು ನಂಟೋ ಕಾಣೆ.

ನಿಮಗೆ ಆಸಕ್ತಿಯಿದ್ದರೆ ಮೂರನೆಯ ಕಾನ್ಚೆರ್ಟೋವನ್ನು ಮೊದಲು ಟೋಜರ್ ಅವರಿಂದ ಕೇಳಿರಿ. ವಾದ್ಯಗಳೆಲ್ಲ ಬಿಡಿಬಿಡಿಯಾಗಿ ಕೇಳಿಸುತ್ತವೆ. ಕೃತಿಯ ಮೈಕಟ್ಟು ತಿಳಿಯುತ್ತದೆ. ಬಳಿಕ ಮೆಟ್ನರ್ ಅವರದನ್ನು ಹಾಕಿರಿ. ಪಿಯಾನೋದ ನಾದ ಕಿರಿದು, ವಾದ್ಯವೃಂದ ಮಸುಕು. ಆದರೆ ಲಯ ಸಡಿಲವಾಗುವುದಿಲ್ಲ. ಭಾವವನ್ನು ಹಿಂಡಿ ತೋರಿಸುವ ಆತುರವಿಲ್ಲ. ತಾನು ಬರೆದದ್ದನ್ನು ತಾನೇ ಓದಿ ಹೇಳುವವನ ನಿರಾಡಂಬರ ನಡಿಗೆ. ಕಿವಿಗೊಟ್ಟು ಕೇಳಿದರೆ ನಾಲ್ಕೈದು ನಿಮಿಷಗಳಿಗೊಮ್ಮೆ ಸೂಜಿಯ ಕರಕರ ಸದ್ದು ತುಸು ಬದಲಾಗುವುದು ಗೊತ್ತಾಗುತ್ತದೆ. ಒಂದು ಮಗ್ಗುಲು ಮುಗಿದು ಇನ್ನೊಂದು ಆರಂಭವಾದ ಜಾಗವದು. ಅಲ್ಲಿ, ಮೈಸೂರಿನ ಅರಮನೆಯಲ್ಲಿ ಯಾರೋ ಎದ್ದು ಪ್ಲೇಟನ್ನು ಮಗುಚಿದ್ದಾರೆ.