ಹಿಮದ ಕಡತ

ಶಾಸನ ಬರೆಯಿಸಿದ ಅರಸು ಮೊದಲು ತನ್ನ ಬಿರುದಾವಳಿಯನ್ನು ಕೆತ್ತಿಸುತ್ತಾನೆ. ಚಳಿಮಳೆಗಳ ಮಾತು ಅಲ್ಲಿ ಅಪರೂಪ. ಅದನ್ನು ಬರೆದಿಟ್ಟಿರುವುದು ಗ್ರೀನ್‌ಲೆಂಡಿನ ಹಿಮ. ವರ್ಷವರ್ಷ ಬಿದ್ದದ್ದು ಕರಗದೆ ಪದರದ ಮೇಲೆ ಪದರವಾಗಿ ಅಲ್ಲಿ ಗಟ್ಟಿಗೊಂಡಿದೆ.

ಈ ಕಡತವನ್ನು ಮೊದಲು ತಳದವರೆಗೆ ಬಿಚ್ಚಿದ್ದು ಯುದ್ಧದ ಪಾಳೆಯದಲ್ಲಿ ಎಂಬುದು ಸೋಜಿಗ. ಹಿಮದೊಳಗೆ ಅಣ್ವಸ್ತ್ರಗಳನ್ನು ಅಡಗಿಸುವ ಹವಣಿಕೆಯಲ್ಲಿದ್ದ ಅಮೆರಿಕದ ಸೈನ್ಯ ತೋಡಿದ ಕ್ಯಾಂಪ್ ಸೆಂಚುರಿಯಲ್ಲಿ, 1966ರಲ್ಲಿ, ಕೊರೆಯುವ ಯಂತ್ರ 1,387 ಮೀಟರು ಹಿಮ ದಾಟಿ ನೆಲ ಮುಟ್ಟಿತು. ಹವಣಿಕೆ ಕೈಗೂಡಲಿಲ್ಲ, ಹಿಮದ ಕಂಬ ಉಳಿಯಿತು.

ಅದನ್ನು ಓದಿದವರು ಡೆನ್ಮಾರ್ಕಿನ ವಿಲ್ಲಿ ಡಾನ್ಸ್‌ಗಾರ್. ಆಮ್ಲಜನಕದ ಪರಮಾಣುಗಳಲ್ಲಿ ಭಾರವಾದವೂ ಹಗುರವಾದವೂ ಉಂಟು. ಚಳಿ ಹೆಚ್ಚಿದಷ್ಟೂ ಬೀಳುವ ಹಿಮದಲ್ಲಿ ಭಾರವಾದವು ಕಡಮೆ. ಈ ಸೂತ್ರ ಹಿಡಿದು ಸುಮಾರು ಒಂದು ಲಕ್ಷ ವರ್ಷಗಳ ಶೀತೋಷ್ಣದ ಏರಿಳಿತವನ್ನು ಅವರೂ ಸಂಗಡಿಗರೂ 1969ರಲ್ಲಿ ಪ್ರಕಟಿಸಿದರು.

ಕಂಬದ ತಳದಲ್ಲಿ ಸಿಕ್ಕಿದ ಮೂರು ಮೀಟರಿಗೂ ಮಿಕ್ಕ ಮಣ್ಣು ಮಾತ್ರ ದಶಕಗಳ ಕಾಲ ಶೀತಾಗಾರದಲ್ಲಿ ಮರೆತುಹೋಗಿತ್ತು. ಅದರಲ್ಲಿ ಎಲೆ, ಕಡ್ಡಿ, ಹಾವಸೆಗಳಿವೆಯೆಂದು 2021ರಲ್ಲಿ ಪ್ರಕಟವಾಯಿತು. 2023ರ ಲೆಕ್ಕದಂತೆ, ಸುಮಾರು ನಾಲ್ಕು ಲಕ್ಷ ವರ್ಷಗಳ ಹಿಂದೆ ಆ ಜಾಗದಲ್ಲಿ ಹಿಮವೇ ಇರಲಿಲ್ಲ. ಆಗಿನ ವಾಯುವಿನಲ್ಲಿ ಇಂಗಾಲಾಮ್ಲವಾದರೋ, ದಕ್ಷಿಣ ಧ್ರುವದ ಹಿಮದ ಗಾಳಿಗುಳ್ಳೆಗಳು ಹೇಳುವಂತೆ, ಹತ್ತು ಲಕ್ಷಕ್ಕೆ 280ರ ಆಸುಪಾಸು. ಈಗ ಅದು 420ನ್ನು ದಾಟಿದೆ.